ಪಾರವ್ವಗ ಬರಂಗಿಲ್ಲ

ಮಗುವಿಗೆ ಒಂದು ವಿಷಯ ಅರ್ಥವಾಗುವ ಕ್ಷಣವನ್ನು ಯಂತ್ರದಿಂದ ಹಿಡಿಯಬಹುದಾದರೆ, ಯಾವ ದೇಶದ ಶಾಲೆ ಒಳ್ಳೆಯದು ಎಂಬ ಜಗಳ ಮುಗಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಯಂತ್ರ ಬಂತು, ಜಗಳ ಮುಗಿಯಲಿಲ್ಲ. ಆ ಯಂತ್ರವನ್ನು ನಡೆಸಲು ಹನ್ನೆರಡು ದೇಶಗಳು ಸೇರಿ ಕಟ್ಟಿದ ಮಂಡಳಿಯಲ್ಲಿ ಕನ್ನಡದ ಪಾಲನ್ನು ನೋಡಿಕೊಳ್ಳಲು ಕೂರಿಸಿದ್ದು ನನ್ನನ್ನು. ಹೆಸರು ನಂಜುಂಡಯ್ಯ, ಊರು ನಂಜನಗೂಡು, ಕೆಲಸ ಧಾರವಾಡದಲ್ಲಿ. ನಾನು ಕನ್ನಡದ ಒಂದೇ ಒಂದು ಅಕ್ಷರವನ್ನು ಕಸವೆಂದು ಗುಡಿಸಿ ಹಾಕಿದೆ. ಅದರಿಂದ ಏನೇನಾಯಿತು ಎಂದು ಹೇಳುತ್ತೇನೆ, ನಗುವವರು ಧಾರಾಳವಾಗಿ ನಗಬಹುದು.

ಯಂತ್ರದ ಹೆಸರು ಹೊಳಹು ಪಟ್ಟಿ. ಜಡೆಗೆ ಕಟ್ಟುವ ರಿಬ್ಬನ್ನಿನಷ್ಟು ತೆಳ್ಳಗಿನ ಬಟ್ಟೆ. ಹಣೆಗೆ ಕಟ್ಟಿದ ಐದು ನಿಮಿಷಕ್ಕೆ ಮಗು ಅದನ್ನು ಮರೆತುಬಿಡುತ್ತದೆ. ಏನಾದರೂ ಹೊಸದಾಗಿ ಅರ್ಥವಾದಾಗ ಮಿದುಳಿನ ದೂರದೂರದ ಭಾಗಗಳು ಕಾಲು ಸೆಕೆಂಡಿನ ಮಟ್ಟಿಗೆ ಒಂದೇ ಲಯದಲ್ಲಿ ಮಿಡಿಯುತ್ತವೆ. ಬಾಯಿಪಾಠ ಒಪ್ಪಿಸುವಾಗ ಹಾಗಾಗುವುದಿಲ್ಲ, ಊಹೆಯ ಮೇಲೆ ಉತ್ತರ ಹೇಳಿ ಅದು ಸರಿಯಾದರೂ ಆಗುವುದಿಲ್ಲ. ಆ ಒಂದು ಮಿಡಿತವನ್ನು ಪಟ್ಟಿ ಹಿಡಿಯುತ್ತದೆ. ಅದಕ್ಕೆ ಹೊಳಹು ಎಂದು ಹೆಸರಿಟ್ಟೆವು. ಮಕ್ಕಳ ಹಾಜರಿಯನ್ನೂ ತರಗತಿಯ ಮಾತು ಕೇಳಿಸಿಕೊಂಡು ಯಂತ್ರವೇ ಹಾಕುತ್ತದೆ.

ಎರಡು ಸಾವಿರದ ಅರವತ್ತೊಂದರಲ್ಲಿ ನಾನೂರ ಹನ್ನೆರಡು ತರಗತಿಗಳ ಆರೇಳು ವರ್ಷದ ಮಕ್ಕಳು ಈ ಪಟ್ಟಿ ಕಟ್ಟಿಕೊಂಡರು. ಮಂಡಳಿಯ ಸಭೆಗಳಲ್ಲಿ ಫಿನ್ಲೆಂಡಿನವರು ಏಳು ವರ್ಷದ ತನಕ ಮಗು ಆಡಿಕೊಂಡಿರಲಿ, ಪರೀಕ್ಷೆಗೆ ಏನವಸರ ಎಂದರು. ಕೊರಿಯಾದವರು ಶಾಲೆ ಬಿಟ್ಟ ಮೇಲಿನ ಓದೇ ಓದು ಎಂದರು. ಜಪಾನಿನವರು ಮಕ್ಕಳ ಕೈಗೆ ಬಟ್ಟೆ ಕೊಟ್ಟು ತರಗತಿಯ ನೆಲ ಒರೆಸಿಸುವುದೇ ಮೊದಲ ಪಾಠ ಎಂದರು. ನಾವು ಭಾರತೀಯರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ಫಿನ್ಲೆಂಡಿನ ಆಟವನ್ನು ಭಾಷಣಕ್ಕೆ ಇಟ್ಟುಕೊಂಡು ಕೊರಿಯಾದ ಓದನ್ನು ಮನೆಗೆ ಒಯ್ದೆವು.

ಕೊನೆಗೆ ಒಂದು ಕರಾರಾಯಿತು. ಮೂರು ತಿಂಗಳಿಗೆ ಒಂದು ಅವಧಿ. ಮೊದಲೆರಡು ಅವಧಿಯಲ್ಲಿ ಮುಂದಿದ್ದ ಶಾಲೆಗಳಿಂದ ಅಲ್ಲಿಷ್ಟು ಇಲ್ಲಿಷ್ಟು ತೆಗೆದು ಕಲಸಿ ‘ಏಕರೂಪ ದಿನಚರಿ’ ಎಂದು ಮಾಡಿದರು: ವಾರಕ್ಕೆ ಆರು ಪರೀಕ್ಷೆ, ದಿನಕ್ಕೆ ಎರಡು ಗಂಟೆ ಹೋಂವರ್ಕ್. ಮೂರು ಅವಧಿ ಸತತವಾಗಿ ಕೊನೆಗೆ ನಿಂತ ತರಗತಿ ಈ ದಿನಚರಿಗೆ ಒಳಪಡಬೇಕು, ಅಲ್ಲಿಯ ಶಿಕ್ಷಕರು ಬದಲಾಗಬೇಕು. ಮೂರನೆಯ ಅವಧಿ ಮುಗಿದಾಗ ಕೊನೆಗೆ ನಿಂತದ್ದು ನಮ್ಮದೇ ಸವಳಹಾಳದ ಒಂದನೇ ತರಗತಿ.

ಧಾರವಾಡದ ನಿಯಂತ್ರಣ ಕೊಠಡಿಯಲ್ಲಿ ನಿರ್ದೇಶಕಿ ಫರ್ಹಾನಾ ನದಾಫ ಅವರು ಗೋಡೆಯ ತುಂಬ ಹರಡಿದ ಪರದೆಯ ಕೆಳತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಅಂಕಿಗಳ ಹೆಂಗಸು, ಮುಖದ ಮೇಲೆ ಸಿಟ್ಟೂ ಕಾಣುವುದಿಲ್ಲ, ಸಂತೋಷವೂ ಕಾಣುವುದಿಲ್ಲ.

“ನೋಡ್ರಿ ನಂಜುಂಡಯ್ಯ. ದಿನಕ್ಕ ಒಂದ ಮಗೂಗ ಎರಡ ಹೊಳಹು. ಮೂವತ್ತೊಂದ ಮಕ್ಕಳೊಳಗ ಹನ್ನೆರಡ ಮಂದಿ ಹಾಜರಿ. ಇದೇನ ಸಾಲಿ ಅಂತೀರೋ, ಬಸ್ ಸ್ಟ್ಯಾಂಡ್ ಅಂತೀರೋ?”

“ನೇಯ್ಗೆ ಊರು ಮೇಡಂ. ಮಕ್ಕಳನ್ನ ಮನೇಲೇ ಉಳಿಸ್ಕೊಳ್ತಾರೇನೋ,” ಎಂದೆ. ಸವಳಹಾಳವನ್ನು ನಾನು ಕಂಡೇ ಇರಲಿಲ್ಲ. ಆದರೂ ಎಷ್ಟು ಸಲೀಸಾಗಿ ಹೇಳಿಬಿಟ್ಟೆ, ನೆನೆಸಿಕೊಂಡರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಶುಕ್ರವಾರ ಮಂಡಳಿಯ ಸಭೆಯಲ್ಲಿ ತೀರ್ಮಾನಕ್ಕೆ ಮುದ್ರೆ ಬೀಳುವುದಿತ್ತು. ಅದಕ್ಕೆ ಮೊದಲು ಶಾಲೆಗೆ ನೋಟೀಸು ಮುಟ್ಟಿಸಬೇಕು. ಕನ್ನಡದವರು ನೀವೇ ಹೋಗಿಬನ್ನಿ ಎಂದು ಸೋಮವಾರ ನನ್ನನ್ನು ಕಳಿಸಿದರು.

ಸವಳಹಾಳದ ಶಾಲೆಯ ಪಕ್ಕದ ಗೋಡೆಯಾಚೆ ಮಗ್ಗಗಳು ಬಡಿಯುತ್ತಿದ್ದವು. ಆ ಸದ್ದಿಗೆ ಮಕ್ಕಳಿರಲಿ, ಗೋಡೆಯ ಮೇಲಿನ ಹಲ್ಲಿಯೂ ಒಗ್ಗಿಹೋಗಿತ್ತು. ಒಂದನೇ ತರಗತಿಯ ಶಿಕ್ಷಕಿ ಇಂದುಮತಿ ಹಳಪೇಟಿ, ಮಕ್ಕಳ ಬಾಯಲ್ಲಿ ಅಕ್ಕೋರು, ಬಾಗಿಲಿಗೆ ಬಂದು “ಬರ್ರಿ, ಬರ್ರಿ, ಚಪ್ಲಿ ಅಲ್ಲೇ ಬಿಡ್ರಿ” ಎಂದು ಒಳಗೆ ಕರೆದರು. ನಲವತ್ತು ದಾಟಿದ, ದನಿ ಎತ್ತರದ ಹೆಂಗಸು. ನಾನು ಕೂತ ಕೂಡಲೇ ಮಕ್ಕಳನ್ನು ಎಣಿಸಿದೆ. ಮೂವತ್ತೊಂದು. ಮತ್ತೊಮ್ಮೆ ಎಣಿಸಿದೆ, ಆಗಲೂ ಮೂವತ್ತೊಂದೇ. ದೊಡ್ಡವರು ಬರುತ್ತಾರೆಂದು ಇವತ್ತು ಎಲ್ಲರನ್ನೂ ಎಳೆದು ತಂದಿದ್ದಾರೆ ಎಂದು ಮನಸ್ಸಿನಲ್ಲೇ ಷರಾ ಬರೆದುಕೊಂಡೆ.

ಅಲ್ಲಿಯ ಬೆಳಗಿನ ಮೊದಲ ಪಾಠ ನಾನು ಬೇರೆಲ್ಲೂ ಕಾಣದಂಥದ್ದು. ಮಕ್ಕಳೆಲ್ಲ ಜೋಡಿಜೋಡಿಯಾಗಿ ಕೂತಿದ್ದರು, ಒಂದು ಕಡೆ ಮಾತ್ರ ಮೂವರು. ತನಗೆ ಬಾರದ್ದನ್ನು ಯಾರೂ ತಾನೇ ಹೇಳುವಂತಿಲ್ಲ. ಜೋಡಿ ಎದ್ದು ನಿಂತು ಅವರ ಪರವಾಗಿ ಹೇಳಬೇಕು.

ರೇಷ್ಮಾ ಎಂಬ ಹುಡುಗಿ ಎದ್ದಳು. “ಅಕ್ಕೋರ, ಪಾರವ್ವಗ ಗಡಿಯಾರ ನೋಡಾಕ ಬರಂಗಿಲ್ರಿ.”

ಪಾರವ್ವ ಎಂಬವಳು ಪಕ್ಕದಲ್ಲೇ ಕೂತು, ಮೆಡಲು ಸಿಕ್ಕವಳ ಹಾಗೆ ಎಲ್ಲರ ಕಡೆ ನೋಡಿದಳು. ಮುಂದಿನ ಹಲ್ಲು ಎರಡೂ ಬಿದ್ದಿದ್ದವು.

“ಯಾರಿಗಿ ಬರತೈತಿ?” ಎಂದು ಅಕ್ಕೋರು ಕೇಳಿದರು. ನಾಲ್ಕು ಕೈ ಮೇಲೆದ್ದವು. ಪಾರವ್ವ ಹನಮಪ್ಪ ಎಂಬವನನ್ನು ಆರಿಸಿಕೊಂಡಳು. ಆಮೇಲೆ ಇನ್ನೊಂದು ಜೋಡಿ, ಮತ್ತೊಂದು ಜೋಡಿ. ಗೌಸಪ್ಪಗ ‘ಶ’ ಬರಂಗಿಲ್ರಿ, ಸೋಮವ್ವಗ ಶೂ ಕಟ್ಟಾಕ ಬರಂಗಿಲ್ರಿ. ಹತ್ತು ನಿಮಿಷದಲ್ಲಿ ತರಗತಿ ಸಂತೆಯಾಯಿತು.

ಅಕ್ಕೋರು ನನ್ನ ಪಕ್ಕ ಬಂದು ಕೂತರು. “‘ನನಗ ಬರಂಗಿಲ್ಲ’ ಅನ್ನಾಕ ಮಕ್ಕಳಿಗಿ ನಾಚಿಕಿ ಬರತೈತ್ರಿ. ಗೆಳತಿ ಹೇಳಿದ್ರ ನಾಚಿಕಿ ಇಲ್ಲ. ನಾ ಸಣ್ಣಾಕಿದ್ದಾಗ ನಾಕ ವರ್ಷ ಬರತೈತಿ ಅಂತ ಸುಳ್ಳ ಹೇಳೇ ಕಳದೆ. ಅದಕ್ಕ ಹಿಂಗ ಮಾಡೀನಿ.”

ಹನಮಪ್ಪ ಮಗ್ಗದಿಂದ ಉಳಿದ ಕೆಂಪು ದಾರ ತಂದಿದ್ದ. ಅದಕ್ಕೆ ಅರವತ್ತು ಗಂಟು ಹಾಕಿ ಹಳೆಯ ಗಡಿಯಾರದ ಸುತ್ತ ಹಾಸಿದ. ಪಾರವ್ವ ಒಂದೊಂದೇ ಗಂಟು ಮುಟ್ಟುತ್ತ ಬಂದು, ಮೂರರ ಹತ್ತಿರ ಹದಿನೈದು ಎಂದು ಎಣಿಸಿ ನಿಂತಳು. ಹುಬ್ಬು ಗಂಟಿಕ್ಕಿತು. ಮತ್ತೆ ಹಿಂದಕ್ಕೆ ಹೋಗಿ ಎರಡರ ಹತ್ತಿರ ಹತ್ತು, ಒಂದರ ಹತ್ತಿರ ಐದು ಎಂದು ನೋಡಿದಳು.

“ಎಲಾ, ಇದು ಐದರ ಮಗ್ಗಿನಾ?” ಎಂದಳು. “ಮೂರ ಅಂದ್ರ ಮೂರಲ್ಲ. ಐದ ಮೂರ್ಲೆ ಹದಿನೈದ!”

ನನ್ನ ಕೈಯಲ್ಲಿದ್ದ ಓದುಗೋಲು, ಪಟ್ಟಿಯ ಸಂಕೇತವನ್ನು ಅಲ್ಲೇ ತೋರಿಸುವ ಪೆನ್ನಿನಂಥ ಸಲಕರಣೆ, ಹಸಿರಾಗಿ ಮಿನುಗಿತು. ಪಾರವ್ವ ಓಡಿ ಬಂದಳು. “ಕಾಕಾ, ಅದೇನ್ರಿ ಹತ್ತಿದ್ದು?”

“ನಿನ್ನ ತಲೆಯೊಳಗಿನ ದೀಪ ಕಣಮ್ಮ,” ಎಂದೆ. ಅವಳು ಹಣೆ ಮುಟ್ಟಿ ನೋಡಿಕೊಂಡಳು. ಮೊದಲ ಗಂಟೆಯಲ್ಲೇ ಓದುಗೋಲು ಎಷ್ಟು ಸಲ ಮಿನುಗಿತೆಂದರೆ ಅದು ಕೆಟ್ಟಿದೆ ಎಂದುಕೊಂಡೆ.

ಹೋಂವರ್ಕಿನ ಕ್ರಮವೂ ಅಷ್ಟೇ ವಿಚಿತ್ರ. ಮಕ್ಕಳು ಮನೆಯಿಂದ ಒಂದು ‘ಬರಂಗಿಲ್ಲ’ ತರಬೇಕು. ಅಮ್ಮನಿಗೋ ಅಜ್ಜನಿಗೋ ಬಾರದ್ದು ಏನೆಂದು ಕೇಳಿ ತಿಳಿದು ಬರುವುದು. ಹಿಂದಿನ ವಾರ ಪಾರವ್ವನ ಅಜ್ಜಿ, ತನಗೆ ಸೊಸೆಯ ಮೇಲೆ ಸಿಟ್ಟು ಮಾಡುವುದು ಬಿಟ್ಟು ಬೇರೇನೂ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳಂತೆ. ಅದಕ್ಕೆ ಮೂವತ್ತೊಂದು ಮಕ್ಕಳಲ್ಲಿ ಯಾರ ಹತ್ತಿರವೂ ಉಪಾಯ ಇರಲಿಲ್ಲ.

ಊಟದ ಬಿಡುವಿನಲ್ಲಿ ನೋಟೀಸು ಕೊಟ್ಟೆ. ಅಕ್ಕೋರು ಎರಡು ಸಲ ಓದಿ ನಾಲ್ಕು ಮಡಿಕೆ ಮಾಡಿದರು.

“ನನ್ನ ವರ್ಗಾ ಮಾಡಿದ್ರ ಮಾಡ್ಲಿ ಬಿಡ್ರಿ, ಎಲ್ಲಿ ಒಗದ್ರೂ ನಾ ಕಲಿಸಾಕೀನ. ಆದ್ರ ಈ ಮಕ್ಕಳು ನಾಳಿಂದ ‘ಬರಂಗಿಲ್ಲ’ ಅನ್ನೂದ ಬಿಡ್ತಾವು ನೋಡ್ರಿ. ವಾರಕ್ಕ ಆರ ಪರೀಕ್ಷಾ ಇಟ್ರ ಯಾರ ಅಂತಾರ? ಅದೊಂದ ನನಗ ಸಂಕಟ.” ದನಿ ಅಷ್ಟು ಎತ್ತರದ ಹೆಂಗಸು ಇಷ್ಟನ್ನು ಮೆಲ್ಲಗೆ ಹೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮಂಗಳವಾರ ಧಾರವಾಡದಲ್ಲಿ ಸವಳಹಾಳದ ಸೋಮವಾರದ ದಾಖಲೆ ತೆಗೆದೆ. ಹಾಜರಿ ಹನ್ನೊಂದು. ಪಾರವ್ವ: ಗೈರುಹಾಜರು. ಗೌಸಪ್ಪ: ಗೈರುಹಾಜರು. ನನ್ನ ಕಣ್ಣೆದುರು ಗಡಿಯಾರದ ಸುತ್ತ ಗಂಟು ಎಣಿಸಿದ ಹುಡುಗಿ ಶಾಲೆಗೇ ಬಂದಿಲ್ಲವಂತೆ. ಗೈರುಹಾಜರಾದ ಮಗುವಿನ ಪಟ್ಟಿಯಿಂದ ಬರುವ ಸಂಕೇತವನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲ್ಲೋ ಚೀಲದಲ್ಲಿ ಬಿದ್ದ ಪಟ್ಟಿಯ ಗದ್ದಲ ಎಂದು ಬದಿಗೆ ಸರಿಸುತ್ತದೆ. ಹಾಗಾಗಿ ಪಾರವ್ವನ ‘ಐದ ಮೂರ್ಲೆ’ಯೂ ಗದ್ದಲದ ರಾಶಿಯಲ್ಲಿ ಬಿದ್ದಿತ್ತು. ಯಾಕೆ ಎಂದು ಸಂಜೆಯ ತನಕ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಮನೆಗೆ ಬಂದಾಗ ನನ್ನ ಹೆಂಡತಿ ಕಸ್ತೂರಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳು ಹುಬ್ಬಳ್ಳಿಯವಳು, ಮದುವೆಯಾಗಿ ಹದಿನಾರು ವರ್ಷವಾದರೂ ನನ್ನ ರೊಟ್ಟಿಯ ಬಗ್ಗೆ ಅವಳಿಗೆ ಆಸೆ ಪೂರ್ತಿ ಹೋಗಿಲ್ಲ. ತಲೆ ಹಗುರಾಗಲಿ ಎಂದು ನಾನೂ ಒಂದು ಉಂಡೆ ತೆಗೆದುಕೊಂಡು ಬಡಿದೆ. ಅದು ಆಂಧ್ರದ ನಕ್ಷೆಯಾಗಿ ಹರಿಯಿತು.

ಕಸ್ತೂರಿ ನಕ್ಕು, ಹೊರಗೆ ತಟ್ಟೆ ಹಾಕುತ್ತಿದ್ದ ಮಗಳು ಇಂಚರಳಿಗೆ ಕೂಗಿ ಹೇಳಿದಳು, “ಏ ಇಂಚರಾ, ನಿಮ್ಮಪ್ಪಗ ಬರಂಗಿಲ್ಲ ನೋಡ.”

ಕೈ ಒರೆಸಿಕೊಂಡು ಹೊರಗೆ ಬಂದು ನೋಡಿದರೆ ಎರಡೇ ತಟ್ಟೆ. “ನನ್ನ ತಟ್ಟೆ ಎಲ್ಲೇ?” ಎಂದೆ.

“ಅಪ್ಪ ಬರಲ್ಲ ಅಂತ ಅಮ್ಮ ಹೇಳಿದ್ಲಲ್ಲ,” ಎಂದಳು ಇಂಚರ. ಮಾತಿನಲ್ಲಿ ಅವಳು ಪೂರಾ ನನ್ನ ಮಗಳು.

ಕಸ್ತೂರಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಅಪ್ಪ ಬರಂಗಿಲ್ಲ ಅಂದ್ನೇನ ನಾನು? ಅಪ್ಪಗ ಬರಂಗಿಲ್ಲ ಅಂದೆ. ನಡುವಿನ ‘ಗ’ ಎಲ್ಲಿ ನುಂಗಿದಿ? ಅಪ್ಪ ಮಗಳು ಇಬ್ಬರೂ ಕೂಡಿ ನಮ್ಮ ಕನ್ನಡ ಕೊಂದ್ರಿ.”

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಗಳಿಗೆಯಲ್ಲಿ ನನ್ನ ಹಣೆಗೆ ಪಟ್ಟಿ ಕಟ್ಟಿದ್ದರೆ ಅದು ಸುಟ್ಟೇ ಹೋಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಯಂತ್ರಕ್ಕೆ ಕನ್ನಡದ ನಿಯಮಗಳನ್ನು ಬರೆದುಕೊಟ್ಟವನು ನಾನು. ನಮ್ಮ ಶಾಲೆಗಳಲ್ಲಿ ಒಂದು ಮಗು ಬಾರದಿದ್ದರೆ ಪಕ್ಕದ ಮನೆಯ ಮಗು “ಇವತ್ತ ಪಾರವ್ವ ಬರಂಗಿಲ್ರಿ” ಎಂದು ಹೇಳುವುದು ರೂಢಿ. ಆದ್ದರಿಂದ ಹೆಸರೂ ‘ಬರಂಗಿಲ್ಲ’ವೂ ಒಟ್ಟಿಗೆ ಬಂದರೆ ಗೈರುಹಾಜರು ಎಂದು ಬರೆದೆ. ಹೆಸರಿನ ಕೊನೆಗೆ ‘ಗೆ’ ಇದ್ದರೆ ಬೇರೆ ಅರ್ಥ ಎಂದೂ ಬರೆದಿದ್ದೆ, ಅಷ್ಟು ವ್ಯಾಕರಣ ನನಗೂ ಗೊತ್ತು. ಆದರೆ ಈ ಕಡೆಯವರು ಪಾರವ್ವನಿಗೆ ಎನ್ನುವುದಿಲ್ಲ, ಪಾರವ್ವಗ ಎನ್ನುತ್ತಾರೆ. ಆ ಕೊನೆಯ ‘ಗ’ ನನ್ನ ನಿಯಮಗಳಲ್ಲಿ ಇರಲಿಲ್ಲ. ಅವಸರದ ಮಾತಿನ ಬಾಲದಲ್ಲಿ ಬರುವ ಸದ್ದು ಎಂದು ಅದನ್ನು ಕತ್ತರಿಸಲು ನಾನೇ ಹೇಳಿದ್ದೆ. ಬೇರೆ ಶಾಲೆಗಳಲ್ಲಿ ಇದು ಬಯಲಿಗೆ ಬರಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ‘ಬರಂಗಿಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ. ಸವಳಹಾಳದಲ್ಲಿ ಹಾಗೆ ಹೇಳಿಸಿಕೊಂಡ ಪ್ರತಿ ಮಗುವನ್ನೂ ಯಂತ್ರ ಅಂದಿನ ಮಟ್ಟಿಗೆ ಶಾಲೆಯಿಂದ ಹೊರಗೆ ಹಾಕಿತ್ತು. ಹೊಸದಾಗಿ ಏನಾದರೂ ಕಲಿಯುವವರು ಅವರೇ ಆಗಿದ್ದರು.

ಬುಧವಾರ ಬೆಳಿಗ್ಗೆ ನದಾಫ ಅವರ ಎದುರು ನಿಂತು ಎಲ್ಲ ಹೇಳಿದೆ. ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

“ನಾ ಹುಟ್ಟಿದಾಗಿಂದ ಹಂಗ ಅಂತಾ ಬಂದೀನಿ. ನಮ್ಮ ‘ಗ’ ನಿಮಗ ಕಸ ಅನಿಸ್ತೇನ್ರಿ?”

“ತಪ್ಪಾಯ್ತು ಮೇಡಂ.”

“ತಪ್ಪ ಆಮ್ಯಾಲ. ಮೊದಲ ಆ ಗದ್ದಲದ ರಾಶಿ ತಗೀರಿ.”

ಬದಿಗೆ ಸರಿಸಿದ ಸಂಕೇತಗಳನ್ನು ಒಂದು ವರ್ಷದ ತನಕ ಅಳಿಸುವುದಿಲ್ಲ ಎಂಬ ನಿಯಮ ನಮ್ಮನ್ನು ಉಳಿಸಿತು. ನಿಯಮಕ್ಕೆ ಒಂದು ‘ಗ’ ಸೇರಿಸಿ ಮರುಲೆಕ್ಕಕ್ಕೆ ಬಿಟ್ಟೆವು. ಪರದೆಯ ಕೆಳತುದಿಯಲ್ಲಿದ್ದ ಸವಳಹಾಳ ಮೊದಲು ಕದಲಲಿಲ್ಲ. ಆಮೇಲೆ ಎರಡು ಮೂರಾಯಿತು, ನಾಲ್ಕಾಯಿತು, ಹೆಸರು ಒಂದೊಂದೇ ಸಾಲು ಮೇಲೆ ಹತ್ತತೊಡಗಿತು. ಪಕ್ಕದ ಕೊಠಡಿಯವರು ಚಹಾದ ಲೋಟ ಹಿಡಿದು ಬಂದು ನಿಂತರು. ಏಳು, ಎಂಟು, ಒಂಬತ್ತು. ನೂರನೆಯ ಸಾಲು ದಾಟಿದಾಗ ಯಾರೋ ಸಿಳ್ಳೆ ಹಾಕಿದರು. ಹೆಸರು ಪರದೆಯ ನೆತ್ತಿಗೆ ಹೋಗಿ ನಿಂತಾಗ ಅಂಕಿ ಹನ್ನೊಂದೂವರೆ ಇತ್ತು. ನಾನೂರ ಹನ್ನೆರಡು ತರಗತಿಗಳಲ್ಲಿ ಅದಕ್ಕಿಂತ ಮೇಲೆ ಯಾವುದೂ ಇರಲಿಲ್ಲ. ನದಾಫ ಅವರ ಮುಖದಲ್ಲಿ ಸಂತೋಷ ಕಾಣುವುದಿಲ್ಲ ಎಂದಿದ್ದೆನಲ್ಲ, ಆ ಮಾತು ಹಿಂದಕ್ಕೆ ತೆಗೆದುಕೊಂಡೆ.

ಆದರೆ ಮುದ್ರೆಗೆ ಸಿದ್ಧವಾದ ಅಂಕಿಯನ್ನು ತಿದ್ದಬೇಕಾದರೆ, ತಪ್ಪು ಮಾಡಿದವನೇ ಮಂಡಳಿಯ ಎದುರು ನಿಂತು ಒಪ್ಪಿಕೊಳ್ಳಬೇಕಿತ್ತು. ಶುಕ್ರವಾರ ಗೋಡೆಯ ಮೇಲೆ ಹನ್ನೊಂದು ದೇಶಗಳ ಮುಖಗಳು. ನಾನು ಬರೆದುಕೊಂಡು ಹೋದ ಕಾಗದ ಬಿಚ್ಚಿದೆ. ಇಪ್ಪತ್ತೆಂಟು ವರ್ಷ ಕನ್ನಡದ ಪಂಡಿತ ಎನ್ನಿಸಿಕೊಂಡವನಿಗೆ, ಕನ್ನಡ ಬರಲಿಲ್ಲ ಎಂದು ಜಗತ್ತಿನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಆಗ ನದಾಫ ಅವರು ನನ್ನ ಪಕ್ಕಕ್ಕೆ ಬಂದು ನಿಂತರು. ಸವಳಹಾಳದ ಪದ್ಧತಿಯನ್ನು ನಾನೇ ಅವರಿಗೆ ಹೇಳಿದ್ದೆ.

“ನಂಜುಂಡಯ್ಯಗ ಬರಂಗಿಲ್ರಿ,” ಎಂದರು.

ಯಂತ್ರ ಅದನ್ನು ಉಳಿದ ಭಾಷೆಗಳಲ್ಲಿ ಹೇಳಿತು, ಈ ಸಲ ಸರಿಯಾಗಿ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಆಮೇಲೆ ‘ಗ’ದ ಕಥೆಯನ್ನು ನಾನೇ ಪೂರ್ತಿ ಹೇಳಿದೆ, ಮಗಳು ಹಾಕಿದ ಎರಡು ತಟ್ಟೆಯನ್ನೂ ಬಿಡಲಿಲ್ಲ. ಕೊರಿಯಾದ ಹಿರಿಯರೊಬ್ಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಜಪಾನಿನ ಪ್ರತಿನಿಧಿ ಮಾತ್ರ ನಗದೆ ಒಂದು ಪ್ರಶ್ನೆ ಕೇಳಿದರು. ಬಾರದು ಎಂಬ ಮಾತು ಹೊರಬಿದ್ದ ಮೇಲೆ ಹೊಳಹು ಬರಲು ಆ ಮಕ್ಕಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ? ನಾವು ಅದನ್ನು ಲೆಕ್ಕ ಮಾಡಿರಲೇ ಇಲ್ಲ. ಮಾಡಿದಾಗ ಸವಳಹಾಳಕ್ಕೆ ಒಂಬತ್ತು ನಿಮಿಷ ಬಂತು. ನಮ್ಮದನ್ನೂ ನೋಡಿ, ನಮ್ಮದನ್ನೂ ನೋಡಿ ಎಂದು ಎಲ್ಲ ದೇಶದವರೂ ದುಂಬಾಲು ಬಿದ್ದರು.

ಆ ಲೆಕ್ಕ ಮುಗಿಯಲು ಒಂದು ತಿಂಗಳು ಹಿಡಿಯಿತು. ಫಿನ್ಲೆಂಡಿನ ಮಕ್ಕಳ ಹೊಳಹು ಹೆಚ್ಚಾಗಿ ಆಟದ ಬಯಲಿನಲ್ಲಿ, ಗೆಳೆಯನನ್ನು ‘ಹೇಗೆ ಮಾಡಿದೆ?’ ಎಂದು ಕೇಳಿದ ಬೆನ್ನಿಗೆ ಬಂದಿತ್ತು. ಜಪಾನಿನಲ್ಲಿ ಇಬ್ಬರು ಸೇರಿ ನೆಲ ಒರೆಸುವಾಗ. ಕೊರಿಯಾದ ಒಂದು ಹುಡುಗಿಗೆ ಸಂಜೆಯ ಓದಿನಲ್ಲೇ ರಾಶಿ ಹೊಳಹು, ಯಾಕೆಂದರೆ ಅಲ್ಲಿ ಪಕ್ಕದಲ್ಲಿ ಕೂರುವ ಅವಳ ಅಜ್ಜ ತನಗೂ ಬಾರದು ಎಂದು ಒಪ್ಪಿಕೊಳ್ಳುವವನು. ಪರೀಕ್ಷೆ ಇದ್ದಲ್ಲೂ ಬಂದಿತ್ತು, ಇಲ್ಲದಲ್ಲೂ ಬಂದಿತ್ತು. ಬಾರದು ಎಂದು ಹೇಳಲು ಮಗು ಹೆದರುವ ಕಡೆ ಮಾತ್ರ ಎಲ್ಲ ದೇಶದಲ್ಲೂ ಒಣಗಿತ್ತು. ಏಕರೂಪ ದಿನಚರಿಯನ್ನು ಮಡಚಿ ಕಪಾಟಿಗೆ ಸೇರಿಸಿದರು, ಶಾಲೆಗಳನ್ನು ಸಾಲಾಗಿ ನಿಲ್ಲಿಸುವ ಪರದೆಯನ್ನು ಬಂದ್ ಮಾಡಿದರು. ಹೊಸ ಅಳತೆಗೆ ‘ಸವಳಹಾಳ ನಿಮಿಷ’ ಎಂದು ಹೆಸರಾಯಿತು. ಒಸಾಕಾದ ಮಕ್ಕಳು ಬೆಳಿಗ್ಗೆ ಎದ್ದು ನಿಂತು ಅಪ್ಪಟ ಸವಳಹಾಳದ ರಾಗದಲ್ಲಿ ‘ಬರಂಗಿಲ್ರಿ’ ಎನ್ನುವುದನ್ನು ನಾನೇ ಕಿವಿಯಾರೆ ಕೇಳಿದೆ. ಹೆಮ್ಮೆಯಿಂದ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ರದ್ದಾದ ನೋಟೀಸನ್ನು ತೆಗೆದುಕೊಂಡು ಸವಳಹಾಳಕ್ಕೆ ಹೋದವನೂ ನಾನೇ. ಅಕ್ಕೋರು ಅದನ್ನು ಓದಿ, ಕಣ್ಣೊರೆಸಿಕೊಂಡು, ತಕ್ಷಣ ನನ್ನ ಮೇಲೆ ತಿರುಗಿದರು. “ಮೂರ ಅವಧಿ ನನ್ನ ಮಕ್ಕಳನ್ನ ಸಾಲಿಗೇ ಬಂದಿಲ್ಲ ಅಂತ ಬರದ್ರಲ್ಲ. ಕೂಡ್ರಿ ಇಲ್ಲೇ, ಒಂದ ದಿನ ಕಲತ ಹೋಗ್ರಿ.” ನನ್ನನ್ನು ನೆಲದ ಮೇಲೆ ಕೂರಿಸಿ, ಹಣೆಗೆ ಒಂದು ಪಟ್ಟಿ ಕಟ್ಟಿ, ಪಾರವ್ವನನ್ನು ಜೋಡಿ ಮಾಡಿದರು. ಓದುಗೋಲು ಅವಳ ಕೈಗೆ ಹೋಯಿತು.

ಹಾಜರಿ ಶುರುವಾಯಿತು. ಮೂವತ್ತೊಂದು ಹೆಸರಿಗೂ ಉತ್ತರ ಬಂತು. ಆಮೇಲೆ ಅಕ್ಕೋರು ಪುಸ್ತಕದಿಂದ ತಲೆ ಎತ್ತದೆ ಕೂಗಿದರು. “ನಂಜುಂಡಯ್ಯ?”

“ಬಂದಿದೀನಿ,” ಎಂದೆ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಪಾರವ್ವ ಎದ್ದು ನಿಂತಳು. “ಅಕ್ಕೋರ, ಕಾಕಾಗ ಹಾಜರಿ ಹೇಳಾಕ ಬರಂಗಿಲ್ರಿ.” ಆಮೇಲೆ ನನ್ನ ಕಡೆ ಬಗ್ಗಿ, ಚಿಕ್ಕವರಿಗೆ ಹೇಳುವ ತಾಳ್ಮೆಯಿಂದ, “‘ಬಂದೀನ್ರಿ’ ಅನ್ಬೇಕ್ರಿ ಕಾಕಾ,” ಎಂದಳು.

ನಾನು ಬಾಯಲ್ಲಿ ಒಂದು ಸಲ ಹೇಳಿಕೊಂಡು ನೋಡಿದೆ. ಶಾಲೆಗೆ ಬರುವುದಕ್ಕೂ ಪಾಠ ಬರುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಐವತ್ತು ವರ್ಷ ಅದನ್ನೇ ಆಡುತ್ತ ಬಂದಿದ್ದೆ, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಎದ್ದು ನಿಂತು ಕೈಕಟ್ಟಿ ಗಟ್ಟಿಯಾಗಿ ಹೇಳಿದೆ.

“ಬಂದೀನ್ರಿ ಅಕ್ಕೋರ.”

ಪಾರವ್ವನ ಕೈಯಲ್ಲಿ ಓದುಗೋಲು ಹಸಿರಾಗಿ ಮಿನುಗಿತು. ಅವಳು ಅದನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದಳು.

“ಅಕ್ಕೋರ, ಕಾಕಾಗ ಬಂತ್ರಿ.”